ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಗುವ ಮೊಡವೆ: ನನ್ನ ಅನುಭವ

ಹದಿನಾರರಿಂದ ಇಪ್ಪತ್ತೈದರವರೆಗೆ ನನ್ನ ಮುಖದಲ್ಲಿ ಮೊಡವೆ ಇಲ್ಲದ ದಿನವೇ ಇರಲಿಲ್ಲ. ಏನೇನು ಹಚ್ಚಿಲ್ಲ ಹೇಳಿ. ಕಡ್ಲೆಹಿಟ್ಟು, ನಿಂಬೆರಸ, ರಕ್ತಚಂದನ, ಟೂತ್‌ಪೇಸ್ಟ್ ಕೂಡ. ಅಮ್ಮ ಉಷ್ಣ ಅಂತ ಹೇಳಿ ಬೇಸಿಗೆ ಪೂರ್ತಿ ಎಳನೀರು ಕುಡಿಸಿದರು. ಆದರೆ ನನಗೆ ಬಂದಿರುವುದು ಯಾವ ಥರದ ಮೊಡವೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಿಯುಸಿ ಓದುವಾಗ ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದೆ. ದಿನಾ ತಲೆಗೆ ಎಣ್ಣೆ ಹಾಕಿ ಎರಡು ಜಡೆ. ಹಣೆ ತುಂಬಾ ರವೆ ಅಂಟಿಸಿದ ಹಾಗೆ ಸಣ್ಣ ಗುಳ್ಳೆಗಳು. ನೋವಿಲ್ಲ, ಕೆಂಪಿಲ್ಲ. ಅವು ವೈಟ್‌ಹೆಡ್. ಚರ್ಮದ ಸಣ್ಣ ರಂಧ್ರದಲ್ಲಿ ಜಿಡ್ಡು ಮತ್ತು ಸತ್ತ ಚರ್ಮ ಸೇರಿಕೊಂಡು ಬಾಯಿ ಕಟ್ಟಿಕೊಳ್ಳುತ್ತದೆ. ಬಾಯಿ ತೆರೆದೇ ಇದ್ದರೆ ಅದು ಬ್ಲ್ಯಾಕ್‌ಹೆಡ್. ಆ ಕಪ್ಪು ಕೊಳೆ ಅಲ್ಲ, ಒಳಗಿನ ಜಿಡ್ಡಿಗೂ ಚರ್ಮದ ಬಣ್ಣದ ಅಂಶಕ್ಕೂ ಗಾಳಿ ತಾಗಿ ಹಾಗೆ ಕಾಣುತ್ತದೆ. ನಾನು ಕೊಳೆ ಅಂದುಕೊಂಡು ಮೂಗನ್ನು ದಿನಕ್ಕೆ ನಾಲ್ಕೈದು ಸಲ ಸೋಪು ಹಾಕಿ ಉಜ್ಜುತ್ತಿದ್ದೆ, ಚರ್ಮ ಸುಲಿದು ಉರಿ ಬಂದಿದ್ದೇ ಬಂತು. ಇದು ಎಲ್ಲಕ್ಕಿಂತ ಹಗುರವಾದ ಹಂತ. ಎಣ್ಣೆ ಹಣೆಗೆ ಇಳಿಯದ ಹಾಗೆ ನೋಡಿಕೊಂಡು ರಾತ್ರಿ ರಂಧ್ರ ಕಟ್ಟಿಕೊಳ್ಳದಂತೆ ತಡೆಯುವ ಅಡಾಪಲೀನ್ 0.1% ಔಷಧಿ ಹಚ್ಚಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಡಿಗ್ರಿಗೆ ಬಂದಾಗ ಕೆನ್ನೆಯಲ್ಲಿ ಕೆಂಪು ಗುಳ್ಳೆ ಶುರುವಾಯಿತು. ಕೆಲವು ಸುಮ್ನೆ ಕೆಂಪಗೆ ಊದಿಕೊಂಡಿರುತ್ತಿದ್ದವು, ಕೆಲವಕ್ಕೆ ತುದಿಯಲ್ಲಿ ಕೀವು. ಮಧ್ಯಮ ಹಂತ ಅನ್ನುವುದು ಹೆಚ್ಚಾಗಿ ಇದನ್ನೇ. ಅಷ್ಟರಲ್ಲಿ ಅಕ್ಕನ ಮದುವೆ ಬಂತು. ಒಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿದೆ, ಒಂದು ಟ್ಯೂಬ್ ಕೊಟ್ಟರು, ಹತ್ತೇ ದಿನದಲ್ಲಿ ಮುಖ ಬೆಣ್ಣೆಯ ಹಾಗಾಯಿತು. ಎಷ್ಟು ಖುಷಿ ಅಂದರೆ ಮದುವೆ ಮುಗಿದ ಮೇಲೂ ಐದಾರು ತಿಂಗಳು ಬಿಡಲಿಲ್ಲ. ಬಿಟ್ಟ ವಾರಕ್ಕೆ ಮುಖವೆಲ್ಲ ಕೆಂಪು, ಉರಿ, ಒಂದೇ ಅಳತೆಯ ನೂರಾರು ಗುಳ್ಳೆ.

ಆಗಲೇ ಮೊದಲ ಸಲ ಚರ್ಮದ ಡಾಕ್ಟರ್ ಹತ್ತಿರ ಹೋಗಿದ್ದು. ಅವರು ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿದರು. ಮೊಮೆಟಾಸೋನ್. 'ಇದು ಸ್ಟಿರಾಯ್ಡ್ ಕಣಮ್ಮ, ಎಷ್ಟು ದಿನ ಹಚ್ಚಿದೆ?' ಅಂದರು. ಇಂಥ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ದಯವಿಟ್ಟು ನಿಮ್ಮ ಮನೆಯಲ್ಲಿರುವ 'ಬಿಳಿ ಮಾಡುವ' ಟ್ಯೂಬ್ ತೆಗೆದು ಹೆಸರು ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಮುಖಕ್ಕೆ ಹಚ್ಚುವ ಮೊದಲು ಡಾಕ್ಟರನ್ನು ಕೇಳಿ.

ಆ ಗಲಾಟೆ ಇಳಿಯಲು ತಿಂಗಳುಗಳೇ ಹಿಡಿದವು. ಆಮೇಲೆ ನನ್ನದೇ ಒಂದು ಅಭ್ಯಾಸ ಮಾಡಿಕೊಂಡೆ. ಭಾನುವಾರ ಬೆಳಗ್ಗೆ ಕಿಟಕಿ ಹತ್ತಿರ ಕನ್ನಡಿ ಇಟ್ಟುಕೊಂಡು, ನೋಟ್‌ಬುಕ್ಕಿನಲ್ಲಿ ಮುಖದ ಆಕಾರ ಗೀಚಿ, ವೈಟ್‌ಹೆಡ್‌ಗೆ ಚುಕ್ಕೆ, ಕೆಂಪು ಗುಳ್ಳೆಗೆ ಸೊನ್ನೆ, ಕೀವಿಗೆ ಗುಣಿಸು ಚಿಹ್ನೆ. ಬೆಳಗ್ಗೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್ 2.5%, ರಾತ್ರಿ ಬಟಾಣಿ ಕಾಳಿನಷ್ಟು ಅಡಾಪಲೀನ್, ಅದೂ ಇಡೀ ಮುಖಕ್ಕೆ, ಬರೀ ಗುಳ್ಳೆ ಮೇಲಲ್ಲ. ಮೊದಲ ಮೂರು ವಾರ ಜಾಸ್ತಿಯೇ ಆಯಿತು. ನನ್ನ ನೀಲಿ ಟವೆಲ್ ತುಂಬಾ ಕಿತ್ತಳೆ ಕಲೆ, ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ, ಬಿಳಿ ಟವೆಲ್ ಇಟ್ಟುಕೊಳ್ಳಿ. ಹನ್ನೆರಡನೇ ವಾರದ ಪುಟದಲ್ಲಿ ಹಣೆ ಮೇಲೆ ಆರೇ ಚುಕ್ಕೆ ಇದ್ದವು.

ಆದರೆ ದವಡೆಯಲ್ಲಿ ಬೇರೆಯದೇ ಕಥೆ. ಅಲ್ಲಿ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಮುಖ ತೊಳೆಯುವಾಗ ಬೆರಳಿಗೆ ಸಿಗುತ್ತಿತ್ತು, ಒಳಗೆ ಕಡ್ಲೆಕಾಳು ಇಟ್ಟ ಹಾಗೆ ಗಟ್ಟಿ, ಮುಟ್ಟಿದರೆ ಕಿವಿಯವರೆಗೂ ನೋವು. ಎರಡು ದಿನಕ್ಕೆ ಮೇಲೆ ಕೆಂಪಾಗಿ, ಮೂರು ವಾರವಾದರೂ ಹೋಗದು. ಇದು ಗಂಟು ಮೊಡವೆ. ಒಳಗೆ ಕೀವು ತುಂಬಿ ಮೆತ್ತಗಾದರೆ ಸಿಸ್ಟ್. ಒಂದನ್ನು ಸಿಟ್ಟಿನಿಂದ ಹಿಂಡಿದೆ. ಏನೂ ಹೊರಗೆ ಬರಲಿಲ್ಲ, ಒಳಗೇ ಒಡೆದು ಹರಡಿತು. ಎಡ ದವಡೆಯ ಮೇಲಿನ ಎರಡು ಗುಳಿ ಅದರದ್ದೇ.

ಮುಖದಲ್ಲಿ ನಲವತ್ತು ವೈಟ್‌ಹೆಡ್ ಇದ್ದಾಗ ನಾನು ಅತ್ತಿದ್ದೆ, ನಾಲ್ಕೇ ಗಂಟು ಇದ್ದಾಗ 'ಕಡಿಮೆ ಆಗಿದೆ' ಅಂದುಕೊಂಡಿದ್ದೆ. ಮತ್ತೆ ಹೋದಾಗ ಡಾಕ್ಟರ್ ಲೆಕ್ಕ ಉಲ್ಟಾ. ಗಂಟು ನಾಲ್ಕಿದ್ದರೂ ಅದು ಜೋರು ಹಂತ, ಯಾಕಂದರೆ ಗುಳಿ ಬಿಟ್ಟುಹೋಗುವುದು ಹೆಚ್ಚಾಗಿ ಅದೇ. ಕಪ್ಪು ಕಲೆ ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ, ಸನ್‌ಸ್ಕ್ರೀನ್ ಹಚ್ಚಿದರೆ ಇನ್ನೂ ಒಳ್ಳೆಯದು. ಗುಳಿ ತಾನಾಗಿ ತುಂಬುವುದಿಲ್ಲ.

ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತಲೂ ಕೇಳಿದರು. ಎರಡು ತಿಂಗಳಿಗೊಮ್ಮೆ ಅಂದೆ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಅಂತ ಗೊತ್ತಾಯಿತು. ಅದಕ್ಕೆ ಬೇರೆ ಔಷಧಿ ಶುರುವಾಯಿತು, ಗಂಟುಗಳಿಗೆ ಐಸೊಟ್ರೆಟಿನಾಯಿನ್ ಮಾತ್ರೆ. ಕೊಡುವ ಮೊದಲು 'ಮದುವೆ ಯಾವಾಗ?' ಅಂತ ಕೇಳಿದಾಗ ನನಗೆ ಮುಜುಗರ. ಆಮೇಲೆ ಬಿಡಿಸಿ ಹೇಳಿದರು. ಈ ಮಾತ್ರೆ ತಗೊಳ್ಳುವಾಗ, ಬಿಟ್ಟ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು, ಮಗುವಿಗೆ ತುಂಬಾ ಅಪಾಯ. ಗರ್ಭ ಪರೀಕ್ಷೆ, ಲಿವರ್, ಕೊಬ್ಬಿನಂಶ, ಎಲ್ಲ ನೋಡಿದರು. ಗೆಳತಿಯ ಚೀಟಿ ತೋರಿಸಿ ಕೊಳ್ಳುವ ಮಾತ್ರೆ ಅಲ್ಲ ಇದು. ಏಳು ತಿಂಗಳು ತುಟಿ ಒಡೆದು ಒಡೆದು ಸಾಕಾಯಿತು, ಆದರೆ ಹೊಸ ಗಂಟು ಬರುವುದು ನಿಂತಿತು.

ಹೋದ ವರ್ಷ ಚಿಕ್ಕಮ್ಮನ ಮಗ, ಒಂಬತ್ತನೇ ಕ್ಲಾಸು, 'ಅಕ್ಕಾ, ಸ್ಕೂಲ್ ಬ್ಯಾಗ್ ಹಾಕಿದ್ರೆ ಭುಜ ನೋಯುತ್ತೆ' ಅಂದ. ಮುಖದಲ್ಲಿ ಅಷ್ಟೇನೂ ಇರಲಿಲ್ಲ. ಅಂಗಿ ತೆಗೆಸಿ ಬೆನ್ನು ಸವರಿದೆ, ಐದು ಗಂಟು ಸಿಕ್ಕವು. 'ಪ್ರಾಯದ ಗುಳ್ಳೆ, ತಾನಾಗೇ ಹೋಗುತ್ತೆ ಬಿಡೇ' ಅಂದರು ಚಿಕ್ಕಮ್ಮ. ಅವರಿಗೆ ನನ್ನ ದವಡೆ ಮುಟ್ಟಿ ನೋಡಿ ಅಂದೆ. ಆ ಶನಿವಾರವೇ ಮೂವರೂ ಡಾಕ್ಟರ್ ಹತ್ತಿರ ಹೋದೆವು. ಈಗ ಎರಡೂ ಭುಜಕ್ಕೆ ಬ್ಯಾಗ್ ಹಾಕಿಕೊಂಡು ಓಡುತ್ತಾನೆ.