ಎಷ್ಟು ಗಂಟೆ ನಿದ್ದೆ ಬಂತು ಟೀಚರ್?

2020ರ ಆಗಸ್ಟ್‌ನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿಗೆ ಊರಲ್ಲೇ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಶುರುವಾದಾಗ ನಮ್ಮ ಸೋಮವಾರಪೇಟೆ ಕಡೆ ಜಡಿಮಳೆ. ತೋಟದ ಲೈನ್ ಮನೆಗಳಲ್ಲಿ ಕರೆಂಟಿಲ್ಲ, ಇದ್ದ ಒಂದು ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಹಾಗಾಗಿ ಮಕ್ಕಳಿದ್ದಲ್ಲಿಗೆ ಶಿಕ್ಷಕರಾದ ನಾವೇ ಹೋದೆವು. ಜಗಲಿಯಲ್ಲಿ ಆರೇಳು ಮಕ್ಕಳನ್ನು ದೂರ ದೂರ ಕೂರಿಸಿ ಪಾಠ. ಮೂರನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಹಳೇ ಸೀರೆಯ ತುಂಡನ್ನೇ ಮಾಸ್ಕ್ ಮಾಡಿಕೊಂಡು ಬರುತ್ತಿದ್ದಳು. ಲೆಕ್ಕ ಹೇಳಿಕೊಡುವಾಗ ಮೆಲ್ಲಗೆ ಸರಿದು ನನ್ನ ಮಂಡಿಗೆ ಒರಗುತ್ತಿದ್ದಳು. "ದೂರ ಕೂರು ಮಗಾ" ಅನ್ನುವಾಗ ನನಗೇ ಗಂಟಲು ಕಟ್ಟುತ್ತಿತ್ತು.

ಮನೆಯಲ್ಲಿ ಅತ್ತೆಗೆ ಶುಗರ್. ಸಂಜೆ ಹಿತ್ತಲಲ್ಲೇ ಸ್ನಾನ ಮುಗಿಸಿ ಒಳಗೆ ಹೋಗುತ್ತಿದ್ದೆ. ಆದರೂ ರಾತ್ರಿ ಎರಡಕ್ಕೆ ಎಚ್ಚರ. ಇವತ್ತು ಯಾವ ಮಗು ಕೆಮ್ಮಿತು, ಒಂದು ಜಗಲಿಯಿಂದ ಇನ್ನೊಂದಕ್ಕೆ ನಾನೇ ರೋಗ ಹೊತ್ತುಕೊಂಡು ಹೋದೆನಾ? ಕೈ ತೊಳೆದು ತೊಳೆದು ಬೆರಳ ಸಂದು ಬಿರಿದಿತ್ತು. ಅಕ್ಟೋಬರ್‌ನಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದು ಸರ್ಕಾರ ವಿದ್ಯಾಗಮ ನಿಲ್ಲಿಸಿತು. ಆಗಲಾದರೂ ನಿದ್ದೆ ಬರಬೇಕಿತ್ತು. ಆದರೆ ಆ ಹುಡುಗಿ ಕಲಿತ ಮಗ್ಗಿಯನ್ನೆಲ್ಲ ಮರೆತಳೇನೋ ಎಂಬ ಕೊರಗು ಹಿಡಿಯಿತು. 2021ರ ಎರಡನೇ ಅಲೆಯಲ್ಲಂತೂ ಶಿಕ್ಷಕರ ಗ್ರೂಪ್ ತುಂಬ ಶ್ರದ್ಧಾಂಜಲಿ. ಫೋನ್ ಟಿಂಗ್ ಅಂದರೆ ಎದೆ ಡವಡವ.

ಮೊದಲು ಆಸರೆಯಾದದ್ದು ಸುಂಟಿಕೊಪ್ಪದ ಗೆಳತಿ, ಅವರೂ ಟೀಚರೇ. ದಿನಾ ಸಂಜೆ ಆರೂವರೆಗೆ ಫೋನ್. ನೆಟ್‌ವರ್ಕ್ ಸಿಗಲು ನಾನು ಕಾಫಿ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಲ್ಲಬೇಕಿತ್ತು. ವರದಿ, ಮೀಟಿಂಗಿನ ಮಾತಿಲ್ಲ. ಅವರ ಮೊದಲ ಪ್ರಶ್ನೆ, "ಎಷ್ಟು ಗಂಟೆ ನಿದ್ದೆ ಬಂತು ಟೀಚರ್?" ಸತತ ಒಂಬತ್ತು ದಿನ ನಾನು "ಮೂರು" ಅಂದಾಗ ಅವರೇ ಹೇಳಿದರು: "ಇದು ಮಾತಾಡಿ ಸರಿಹೋಗೋದಲ್ಲ, ಡಾಕ್ಟರ ಹತ್ರ ಹೋಗಿ."

ಮಡಿಕೇರಿಗೆ ಹೋದೆ. ಮನೆಯಲ್ಲಿ ಥೈರಾಯ್ಡ್ ಟೆಸ್ಟ್ ಅಂದಿದ್ದೆ. ಆ ಸುಳ್ಳು ಬೇಕಿರಲಿಲ್ಲ ಎಂದು ಈಗ ಅನಿಸುತ್ತದೆ. ಮನೋವೈದ್ಯರು ಪೂರ್ತಿ ಕೇಳಿಸಿಕೊಂಡು, ಆತಂಕದ ಕಾಯಿಲೆ ಅಂದರು. ಅದಕ್ಕೊಂದು ಹೆಸರಿದೆ ಎಂದು ತಿಳಿದೇ ಅರ್ಧ ಭಾರ ಇಳಿಯಿತು. ಮಾತ್ರೆ ಕೆಲಸ ಮಾಡಲು ಎರಡು ಮೂರು ವಾರ ಬೇಕು, ನಡುವೆ ಬಿಡಬೇಡಿ ಎಂದಿದ್ದರು. ಹಾಗೇ ಆಯಿತು. ಎಂಟು ತಿಂಗಳಾದ ಮೇಲೆ ಅವರು ಹೇಳಿದಂತೆ ನಿಧಾನವಾಗಿ ಇಳಿಸುತ್ತಾ ಬಂದು ಬಿಟ್ಟೆ.

ಈಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆಗ ಅದಿರಲಿಲ್ಲ. ಶಾಲೆ ತೆರೆದ ಮೇಲೆ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯೊಂದರಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಯಾರೂ ಮಾತಾಡಲಿಲ್ಲ. ಊಟದ ಹೊತ್ತಿಗೆ ಹಿರಿಯ ಮೇಷ್ಟ್ರೊಬ್ಬರು ತಟ್ಟೆ ಹಿಡಿದು ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ಆ ಡಾಕ್ಟರು ಯಾವ ವಾರ ಸಿಗ್ತಾರೆ ಮೇಡಂ?" ಎಂದು ಕೇಳಿದರು. ಚೀಟಿಯಲ್ಲಿ ಬೆಳಗಿನ ಬಸ್ಸಿನ ಸಮಯವನ್ನೂ ಸೇರಿಸಿ ಬರೆದುಕೊಟ್ಟೆ.