ಪ್ಯಾಕಿಂಗ್ ಪಟ್ಟಿ ಬೇಡದ ಟೂಲ್ ಹೋಲ್ಡರ್

ಮನೆಯಲ್ಲಿ ಸಣ್ಣ ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ) ಇಟ್ಟುಕೊಂಡವರ ಮೇಜಿನ ಮೇಲೆ ಒಂದು ಡಬ್ಬಿ ಇದ್ದೇ ಇರುತ್ತದೆ. ಅದರೊಳಗೆ ಮುರಿದ ಹ್ಯಾಕ್ಸಾ ಬ್ಲೇಡು, ತಗಡಿನ ಚೂರು, ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ಪಟ್ಟಿ. ಟೂಲಿನ ತುದಿ ಸೆಂಟರಿಗೆ, ಅಂದರೆ ಲೋಹ ತಿರುಗುವ ನಡುಗೆರೆಯ ಎತ್ತರಕ್ಕೆ, ಸರಿಯಾಗಿ ಬರಲೆಂದು ಅಡಿಗೆ ಕೊಡುವ ಪ್ಯಾಕಿಂಗ್ ಇವು. ಹೊರಮೈ ಕೆತ್ತುವ ಟರ್ನಿಂಗ್ ಟೂಲ್ ತೆಗೆದು ತುಂಡರಿಸುವ ಪಾರ್ಟಿಂಗ್ ಟೂಲ್ ಹಾಕಿದಿರೋ, ಮತ್ತೆ ಮೊದಲಿನಿಂದ ಅದೇ ಪಾಡು. ಒಂದು ಬುಶ್ ಮಾಡಲು ನಿಂತರೆ ಲೋಹ ಕೊರೆದದ್ದಕ್ಕಿಂತ ಪಟ್ಟಿ ಹೊಂದಿಸಿದ ಹೊತ್ತೇ ಹೆಚ್ಚಾಗಿರುತ್ತದೆ.

ಅಂಗಡಿಯಲ್ಲಿ ಸಿಗುವ ಕ್ವಿಕ್ ಚೇಂಜ್ (ಥಟ್ಟನೆ ಟೂಲ್ ಬದಲಿಸುವ) ಹೋಲ್ಡರುಗಳಿಗೆ 60 ಡಿಗ್ರಿಯ ಡವ್‌ಟೇಲ್, ಅಂದರೆ ಒಳಗೆ ಅಗಲವಾಗುತ್ತ ಹೋಗುವ ತೋಡು ಇರುತ್ತದೆ. ಅದನ್ನು ಮನೆಯಲ್ಲಿ ಮಾಡಬೇಕಾದರೆ ಮಿಲ್ಲಿಂಗ್ ಯಂತ್ರ ಬೇಕು, ಡವ್‌ಟೇಲ್ ಕಟರ್ ಬೇಕು. ಲೇತ್ ಒಂದೇ ಇರುವವರಿಗೆ ನಾನು ಹೇಳುವುದು ದುಂಡನೆಯ ಕಂಬದ ಹಳೆಯ ದಾರಿ. ಹವ್ಯಾಸಿಗಳು ಇದನ್ನು ನಾರ್ಮನ್ ಟೂಲ್ ಪೋಸ್ಟ್ ಎನ್ನುತ್ತಾರೆ. ದುಂಡು ಕಂಬ, ಅದಕ್ಕೆ ಟೂಲಿಗೊಂದರಂತೆ ತೊಡಿಸುವ ಆಯತಾಕಾರದ ಲೋಹದ ಗಟ್ಟಿಗಳು, ಇಷ್ಟೇ. ಎರಡನ್ನೂ ಅದೇ ಲೇತ್ ಮಾಡಿಕೊಡುತ್ತದೆ.

ಟೂಲನ್ನು ಹೊತ್ತು ಸರಿಯುವ ಕಾಂಪೌಂಡ್ ಸ್ಲೈಡಿನ ಮೇಲ್ಮೈಯಿಂದ ಸೆಂಟರಿಗೆ 20ರಿಂದ 25 ಮಿ.ಮೀ. ಇದ್ದರೆ ಇಲ್ಲಿನ ಅಳತೆಗಳು ಹೊಂದುತ್ತವೆ. ಮೊದಲು ಅದನ್ನು ಅಳೆಯಿರಿ.

ಕಂಬಕ್ಕೆ 30 ಮಿ.ಮೀ. ಎಂ.ಎಸ್. (ಮೃದು ಉಕ್ಕಿನ) ಸರಳು ಸಾಕು. ಅದನ್ನು 25ಕ್ಕೆ ಟರ್ನ್ ಮಾಡಿ, ನಿಮ್ಮ ಸ್ಲೈಡಿನ ಸ್ಟಡ್ಡಿಗೆ ತಕ್ಕ ರಂಧ್ರ ಕೊರೆದು, ಸರಳನ್ನು ಹಿಡಿದು ತಿರುಗಿಸುವ ಚಕ್ಕಿನಿಂದ ತೆಗೆಯದೆಯೇ ತುದಿಯನ್ನು ಫೇಸ್ ಮಾಡಿ (ಚಪ್ಪಟೆಯಾಗಿ ಕೆತ್ತಿ). ಆ ತುದಿಯೇ ಕಂಬದ ಬುಡ. ಒಂದೇ ಹಿಡಿತದಲ್ಲಿ ಮಾಡಿದ್ದರಿಂದ ಕಂಬ ನೆಟ್ಟಗೆ ನಿಲ್ಲುತ್ತದೆ. ಬುಡದ ನಡುಭಾಗವನ್ನು ಕೂದಲೆಳೆಯಷ್ಟು ತಗ್ಗಿಸಿದರೆ ಅಂಚಿನ ಮೇಲೆ ಭದ್ರವಾಗಿ ಕೂರುತ್ತದೆ. 45 ಮಿ.ಮೀ. ಉದ್ದಕ್ಕೆ ಕತ್ತರಿಸಿ.

ಗಟ್ಟಿಯ ಅಳತೆ 60 × 45, ಎತ್ತರ 32 ಮಿ.ಮೀ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಗುಜರಿ ಅಂಗಡಿ ಹೊಕ್ಕರೆ ಇಂಥ ತುಂಡುಗಳು ಕೆ.ಜಿ. ಲೆಕ್ಕದಲ್ಲಿ ಸಿಕ್ಕಾವು. ಕಂಬದ ರಂಧ್ರದ ಕೇಂದ್ರವನ್ನು ಚಕ್ಕಿನ ಕಡೆಯ ಅಂಚಿನಿಂದ 31 ಮಿ.ಮೀ.ಗೆ, ಅಗಲದ ನಟ್ಟನಡುವೆ ಗುರುತಿಸಿ. ಆದರೆ ಅದನ್ನು ಈಗಲೇ ಕೊರೆಯಬೇಡಿ.

ಗಟ್ಟಿಯು ಕಂಬವನ್ನು ಬಿಗಿಯಾಗಿ ಹಿಡಿಯುವುದು ಕಾಟರ್‌ನಿಂದ, ಅಂದರೆ ಕಂಬವನ್ನು ಪಕ್ಕದಿಂದ ಒತ್ತುವ ಸರಳಿನ ತುಂಡುಗಳಿಂದ. ಆ ಕೇಂದ್ರದಿಂದ ಟೇಲ್‌ಸ್ಟಾಕ್ (ಚಕ್ಕಿನ ಎದುರು ತುದಿ) ಕಡೆಗೆ 16.5 ಮಿ.ಮೀ. ದೂರದಲ್ಲಿ, ಎತ್ತರದ ನಡುವೆ, 45ರ ಅಗಲದುದ್ದಕ್ಕೂ 14 ಮಿ.ಮೀ.ನ ಅಡ್ಡ ರಂಧ್ರ ಮೊದಲು ಆಗಬೇಕು. ನಾನು ಮೊದಲ ಗಟ್ಟಿಯಲ್ಲಿ ದೊಡ್ಡ ರಂಧ್ರವನ್ನೇ ಮುಂಚೆ ಮಾಡಿ ಕೆಟ್ಟೆ. ಡ್ರಿಲ್ ಆ ಪೊಳ್ಳಿಗೆ ಜಾರಿ ಕಚ್ಚಿಕೊಂಡಿತು, ಅರ್ಧ ದಿನದ ಕೆಲಸ ಮತ್ತೆ ಗುಜರಿಗೇ ಹೋಯಿತು. ಅಡ್ಡ ರಂಧ್ರಕ್ಕೆ ಬಿಗಿಯಾಗಿ ಕೂರುವ ಸರಳೊಂದನ್ನು ಟರ್ನ್ ಮಾಡಿ, ಅದರ ಉದ್ದಕ್ಕೂ 5 ಮಿ.ಮೀ. ರಂಧ್ರ ಕೊರೆದು, ಒಳಗೆ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು ಬೋಲ್ಟಿನಿಂದ ಬಿಗಿಯಿರಿ. ಈಗ ಗಟ್ಟಿಯನ್ನು ಫೋರ್ ಜಾ (ನಾಲ್ಕು ದವಡೆಯ) ಚಕ್ಕಿನಲ್ಲಿ ಹಿಡಿದು, ಗುರುತಿಸಿಟ್ಟ ಕಂಬದ ರಂಧ್ರವನ್ನು 25 ಮಿ.ಮೀ.ಗೆ ಬೋರ್ ಮಾಡಿ (ಒಳಗಿನಿಂದ ಕೆತ್ತಿ ಹಿಗ್ಗಿಸಿ). ಬೋರಿಂಗ್ ಟೂಲ್ ಸರಳಿನ ಒಂದು ಪಕ್ಕವನ್ನೂ 3 ಮಿ.ಮೀ.ನಷ್ಟು ಕೆತ್ತಿಕೊಂಡು ಹೋಗುತ್ತದೆ. ನಮಗೆ ಬೇಕಾದದ್ದೂ ಅದೇ. ಗೇಜಿಗಾಗಿ ಹುಡುಕಬೇಡಿ, ಕಂಬವನ್ನೇ ತೂರಿಸಿ ನೋಡಿ. ಎಣ್ಣೆ ಹಚ್ಚಿದರೆ ಜಾರಬೇಕು, ಅಲುಗಾಡಬಾರದು.

ಸರಳನ್ನು ಹೊರತೆಗೆದು ನಟ್ಟನಡುವೆ ಎರಡು ತುಂಡು ಮಾಡಿ, ಕತ್ತರಿಸಿದ ಮುಖಗಳನ್ನು ಅರದಿಂದ ಉಜ್ಜಿ ಒಟ್ಟು 3 ಮಿ.ಮೀ. ಸಂದು ಬಿಡಿಸಿ. ನಿಮ್ಮ ಕಡೆಯ ತುಂಡಿನ ರಂಧ್ರವನ್ನು 6.5ಕ್ಕೆ ಹಿಗ್ಗಿಸಿ, ಇನ್ನೊಂದಕ್ಕೆ ಎಂ6 ಟ್ಯಾಪ್ ಹಾಕಿ (6 ಮಿ.ಮೀ. ಬೋಲ್ಟಿಗೆ ತಿರುಪು ಕೊರೆಯಿರಿ). ಬೋಲ್ಟ್ ತಿರುಗಿಸಿದಾಗ ಎರಡು ತುಂಡುಗಳೂ ಒಂದರ ಕಡೆಗೊಂದು ಬಂದು ಕಂಬವನ್ನು ಕಚ್ಚುತ್ತವೆ. ಬೋಲ್ಟಿಗೊಂದು ಹಿಡಿ ಜೋಡಿಸಿದರೆ ಅರ್ಧ ಸುತ್ತಿನಲ್ಲಿ ಬಿಗಿ, ಅರ್ಧ ಸುತ್ತಿನಲ್ಲಿ ಸಡಿಲ.

ಎತ್ತರಕ್ಕೆ ಗಟ್ಟಿಯ ತಲೆಯ ಮೇಲೆ, ಕೇಂದ್ರದಿಂದ ನಿಮ್ಮ ಕಡೆಗೆ 17 ಮಿ.ಮೀ. ದೂರದಲ್ಲಿ ಎಂ5 ಸ್ಟಡ್ ನಿಲ್ಲಿಸಿ. ಅದಕ್ಕೆ ನರ್ಲಿಂಗ್ ಮಾಡಿದ (ಬೆರಳು ಜಾರದಂತೆ ಅಂಚಿಗೆ ಗೀರು ಹಾಕಿದ) 16 ಮಿ.ಮೀ. ಬಿಲ್ಲೆಯಂಥ ನಟ್. ಬಿಲ್ಲೆಯ ಅಂಚು ಕಂಬದ ನೆತ್ತಿಯ ಮೇಲೆ ಕೂರುತ್ತದೆ, ಗಟ್ಟಿ ಅದರಿಂದ ತೂಗುತ್ತದೆ. ಒಂದು ಸುತ್ತಿಗೆ 0.8 ಮಿ.ಮೀ. ಏರಿಳಿತ. ಹೊಂದಿಸಿದ ಮೇಲೆ ಇನ್ನೊಂದು ನಟ್ಟಿನಿಂದ ಲಾಕ್ ಮಾಡಿಬಿಡಿ.

ಇನ್ನು ಟೂಲ್ ಕೂರುವ ತೋಡು. ಗಟ್ಟಿಯನ್ನು ಕಂಬಕ್ಕೆ ತೊಡಿಸಿ, ಅದರ ಮುಖವನ್ನು ಚಕ್ಕಿನ ಮುಖಕ್ಕೆ ಒತ್ತಿ ನೇರ ಮಾಡಿ ಬಿಗಿಯಿರಿ. ತೋಡಿನ ಕೆಳಗೆ 8 ಮಿ.ಮೀ. ಲೋಹ ಉಳಿಯುವ ಹಾಗೆ ಗಟ್ಟಿಯ ಎತ್ತರವನ್ನು ಬಿಲ್ಲೆಯಿಂದಲೇ ಹೊಂದಿಸಿ. ಲೇತಿನ ತಿರುಗುವ ಸ್ಪಿಂಡಲ್ಲಿಗೆ ಕೊಲೆಟ್ಟಿನಲ್ಲಿ (ಕಟರನ್ನು ಸುತ್ತಲೂ ಅಪ್ಪಿ ಹಿಡಿಯುವ ಬಿಗಿಬಳೆ) 12 ಮಿ.ಮೀ. ಎಂಡ್ ಮಿಲ್ (ತೋಡು ಕೊರೆಯುವ ಕಟರ್) ಹಾಕಿ. ಡ್ರಿಲ್ ಚಕ್ ಖಂಡಿತ ಬೇಡ, ಪಕ್ಕದ ಒತ್ತಡಕ್ಕೆ ಅದರ ಟೇಪರ್ ಸಡಿಲಾಗಿ ಕಟರ್ ಸಮೇತ ಹೊರಗೆ ಬಂದೀತು. ಅರ್ಧ ಮಿ.ಮೀ.ನಂತೆ ಆಳಕ್ಕೆ ಇಳಿಸುತ್ತ, ಅಡ್ಡಕ್ಕೆ ಸರಿಯುವ ಕ್ರಾಸ್ ಸ್ಲೈಡ್ ಓಡಿಸಿ 12 ಮಿ.ಮೀ. ಆಳ ಮುಗಿಸಿ. ಟೂಲನ್ನು ಬಿಗಿಯಲು ಮೇಲಿನಿಂದ ಮೂರು ಎಂ6 ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು). ತೋಡಿನ ತಳ ಈಗ ಸೆಂಟರಿಗಿಂತ 6 ಮಿ.ಮೀ. ಕೆಳಗಿದೆ. 10 ಮಿ.ಮೀ. ಟೂಲಿಗೆ ಗಟ್ಟಿಯನ್ನು ಇನ್ನೂ 4 ಮಿ.ಮೀ. ಇಳಿಸಬೇಕು.

ತುದಿ ಸೆಂಟರಿಗೆ ಬಂತೇ ಎಂದು ನೋಡಲು, ಲೇತ್ ನಿಲ್ಲಿಸಿ, ದುಂಡು ಸರಳಿಗೂ ಟೂಲಿನ ತುದಿಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ತಗ್ಗಿನಲ್ಲಿದೆ, ಆಚೆ ವಾಲಿದರೆ ಎತ್ತರದಲ್ಲಿದೆ.

ಈ ಪೋಸ್ಟಿಗೆ ಒಂದು ಕೊರತೆ ಇರುವುದು ನಿಜ. ಎತ್ತರವನ್ನು ನೆನಪಿಡುತ್ತದೆ, ಕೋನವನ್ನು ಮರೆಯುತ್ತದೆ. ಟರ್ನಿಂಗ್ ಟೂಲಿಗೆ ಒಂದೆರಡು ಡಿಗ್ರಿ ಆಚೀಚೆಯಾದರೆ ಚಿಂತೆಯಿಲ್ಲ. ಪಾರ್ಟಿಂಗ್ ಟೂಲ್ ಮಾತ್ರ ಅಷ್ಟಕ್ಕೇ ಸಿಕ್ಕಿಕೊಂಡು ಮುರಿಯುತ್ತದೆ. ಹಾಗಾಗಿ ಅದನ್ನು ಹಾಕಿದಾಗಲೆಲ್ಲ ಬ್ಲೇಡಿನ ಪಕ್ಕವನ್ನು ಚಕ್ಕಿನ ಮುಖಕ್ಕೆ ತಾಗಿಸಿ ನೋಡಿಯೇ ಹಿಡಿ ಬಿಗಿಯುತ್ತೇನೆ.