ಮುಂಬೈಯಲ್ಲಿ ನಮ್ಮವರೊಬ್ಬರ ಬಂಧನವಾದರೆ: ಠಾಣೆಯಿಂದ ಜಾಮೀನಿನವರೆಗೆ

ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ಕುಂದಾಪುರ, ಕಾರ್ಕಳದ ಹುಡುಗರಾಗಲಿ, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿಯ ಕುಟುಂಬಗಳಾಗಲಿ ಪೊಲೀಸರ ವಶಕ್ಕೆ ಸಿಕ್ಕಾಗ, ಆರೋಪಕ್ಕಿಂತ ಮೊದಲು ಅವರನ್ನು ಕಟ್ಟಿಹಾಕುವುದು ಎರಡು ಸಂಗತಿಗಳು. ಠಾಣೆಯ ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ; ಜಾಮೀನಿಗೆ ನಿಲ್ಲಬಲ್ಲ ಬಂಧುಗಳು ಊರಿನಲ್ಲಿರುತ್ತಾರೆ. ಈ ಎರಡಕ್ಕೂ ಕಾನೂನಿನಲ್ಲಿ ಪರಿಹಾರವಿದೆ. ಆದರೆ ಅದು ಕೇಳಿದವರಿಗೆ, ಅದರಲ್ಲೂ ಮೊದಲ ದಿನವೇ ಕೇಳಿ ದಾಖಲು ಮಾಡಿಸಿದವರಿಗೆ ಮಾತ್ರ ಸಿಗುತ್ತದೆ.

ಸುದ್ದಿ ಬಂದೊಡನೆ ತಿಳಿಯಬೇಕಾದದ್ದು, ಇದು ಬಂಧನವೋ ಬರಿಯ ವಿಚಾರಣೆಯೋ ಎಂಬುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ಪ್ರಕಾರ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಬಂಧನ ಏಕೆ ಅಗತ್ಯವೆಂದು ಕಾರಣ ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು. ನೋಟಿಸ್ ಬಂದವರು ಅದನ್ನು ಜೋಪಾನ ಮಾಡಿ, ಹೇಳಿದ ದಿನ ತಪ್ಪದೆ ಹೋಗಬೇಕು. ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಬಂಧನವೇ ಆಗಿದ್ದರೆ, ಎಲ್ಲಿಟ್ಟಿದ್ದಾರೆ ಎಂಬುದನ್ನು ಬಂಧುವಿಗೋ ಸ್ನೇಹಿತನಿಗೋ ತಕ್ಷಣ ತಿಳಿಸುವುದು ಪೊಲೀಸರ ಕರ್ತವ್ಯ. ಬಂಧಿತರ ಮಾಹಿತಿಯನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರಕಟಿಸಬೇಕೆಂದು, ಪೊಲೀಸ್ ಕಂಟ್ರೋಲ್ ರೂಮು ಇರಬೇಕೆಂದು 37ನೇ ಕಲಮು ಹೇಳುತ್ತದೆ. ಆದ್ದರಿಂದ ಠಾಣೆಯವರು ‘ಇಲ್ಲಿಲ್ಲ’ ಎಂದರೆ ಅಲ್ಲಿಗೇ ಬಿಡಬಾರದು, ಕಂಟ್ರೋಲ್ ರೂಮಿನಲ್ಲಿ ಕೇಳಬೇಕು. ಮುಂಬೈಯಲ್ಲಿ ‘ಚಾಪ್ಟರ್ ಕೇಸ್’ ಎಂದು ಕರೆಯುವ ಮುಂಜಾಗ್ರತಾ ಕ್ರಮದಲ್ಲೂ, ಬೇರೆ ಆದೇಶವಿಲ್ಲದೆ 24 ಗಂಟೆಗಿಂತ ಹೆಚ್ಚು ಕೂಡಿಹಾಕುವಂತಿಲ್ಲ.

ಮುಂದಿನದು ಕಾಗದ. ಬಂಧನದ ಮೆಮೊದಲ್ಲಿ ಮನೆಯವರೊಬ್ಬರ ಅಥವಾ ಆ ಬಡಾವಣೆಯ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಮತ್ತು ಬಂಧಿತನ ಸಹಿ ಇರಬೇಕು. ಅದರಲ್ಲಿ ಬರೆದಿರುವ ಗಂಟೆಯನ್ನು ಕಣ್ಣಿಟ್ಟು ನೋಡಿ. ಬೆಳಿಗ್ಗೆ ಎಂಟಕ್ಕೆ ಅಂಗಡಿಯಿಂದ ಕರೆದೊಯ್ದು ಮೆಮೊದಲ್ಲಿ ಸಂಜೆ ಆರು ಎಂದು ಬರೆದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ಇರುವ 24 ಗಂಟೆಯ ಗಡುವಿನ ಲೆಕ್ಕದಿಂದ ಆ ಹತ್ತು ಗಂಟೆಯನ್ನು ತೆಗೆದುಹಾಕಿದಂತಾಗುತ್ತದೆ. ಕರೆದೊಯ್ದದ್ದನ್ನು ಕಂಡವರ ಹೆಸರು, ಅಂಗಡಿಯ ಸಿಸಿಟಿವಿ ದೃಶ್ಯ, ಆ ಹೊತ್ತಿನ ಫೋನ್ ಕರೆಗಳು ಇವೆಲ್ಲವನ್ನೂ ಅಂದೇ ಕೂಡಿಸಿಟ್ಟುಕೊಳ್ಳಿ. ಠಾಣೆಯೊಳಗಿನ ಕ್ಯಾಮೆರಾಗಳ ದೃಶ್ಯವನ್ನು ಉಳಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ; ಅದನ್ನು ಅಳಿಸದಂತೆ ವಕೀಲರ ಮೂಲಕ ಅರ್ಜಿ ಹಾಕಿಸುವುದು ಒಳ್ಳೆಯದು.

ಮೆಮೊಗಿಂತ ಮುಖ್ಯವಾದದ್ದು ಬಂಧನದ ಕಾರಣಗಳನ್ನು ತಿಳಿಸುವ ಬರಹ. ಸಂವಿಧಾನದ 22ನೇ ವಿಧಿಯ ಈ ಹಕ್ಕನ್ನು, ಮುಂಬೈಯದೇ ಪ್ರಕರಣವಾದ ಮಿಹಿರ್ ರಾಜೇಶ್ ಶಾ ಮೊಕದ್ದಮೆಯಲ್ಲಿ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ವಿಸ್ತರಿಸಿತು. ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಬಂಧಿಸುವ ಕ್ಷಣದಲ್ಲಿ ಅದು ಸಾಧ್ಯವಾಗದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಕೊಡದಿದ್ದರೆ ಬಂಧನವೂ ರಿಮಾಂಡೂ (ಬಂಧಿತನನ್ನು ಕಸ್ಟಡಿಗೆ ಒಪ್ಪಿಸುವ ಮ್ಯಾಜಿಸ್ಟ್ರೇಟರ ಆದೇಶವೂ) ಅಕ್ರಮವೆನಿಸುತ್ತವೆ. ಇದಕ್ಕೆ ಹಳೆಯ ಬುನಾದಿಯೂ ಇದೆ: 1962ರಲ್ಲಿಯೇ, ಮಹಾರಾಷ್ಟ್ರದ ಹರಿಕಿಶನ್ ಪ್ರಕರಣದಲ್ಲಿ, ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲಿ ಕಾರಣ ಕೊಟ್ಟದ್ದು ಸಾಲದೆಂದು ಅದೇ ನ್ಯಾಯಾಲಯ ಹೇಳಿತ್ತು. ಕನ್ನಡ ಮಾತ್ರ ಬಲ್ಲವನು ಕನ್ನಡದಲ್ಲಿ ಕಾರಣ ಕೇಳುವುದು ಉದ್ಧಟತನವಲ್ಲ. ‘ನನಗೆ ಮರಾಠಿ ಓದಲು ಬರುವುದಿಲ್ಲ, ಕನ್ನಡದಲ್ಲಿ ಕೊಡಿ’ ಎಂಬ ಒಂದು ಸಾಲನ್ನು, ಸಹಿ ಹಾಕಲೇಬೇಕಾಗಿ ಬಂದ ಕಾಗದದ ಮೇಲೆ ಸಹಿಯ ಪಕ್ಕದಲ್ಲೇ, ಕನ್ನಡದಲ್ಲಿಯೇ ಬರೆಯಲು ಹೇಳಿಕೊಡಿ.

ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತನಿಗಿದೆ, ಪೂರ್ತಿ ವಿಚಾರಣೆಯಲ್ಲಿ ಅವರು ಪಕ್ಕದಲ್ಲಿರುವ ಹಕ್ಕಲ್ಲದಿದ್ದರೂ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಆದರೆ ಮಹಾರಾಷ್ಟ್ರದ ಸಂಘಟಿತ ಅಪರಾಧ ಕಾಯ್ದೆಯಾದ 1999ರ ಮಕೋಕಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ಒಪ್ಪಿಗೆಗೂ ಬೆಲೆಯಿದೆ. ಆ ಕಾಯ್ದೆಯ ಹೆಸರು ಕೇಳಿದೊಡನೆ ಅನುಭವಿ ವಕೀಲರನ್ನು ಹುಡುಕಬೇಕು.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಿಲ್ಲಾ ಕೋರ್ಟಿರಲಿ, ಬಾಂದ್ರಾ, ಕುರ್ಲಾ, ಅಂಧೇರಿಯ ಕೋರ್ಟಿರಲಿ, ಈ ಹಾಜರಿ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ; ಇಡೀ ಪ್ರಕ್ರಿಯೆಯಲ್ಲಿ ಇಷ್ಟು ಬೆಲೆಯುಳ್ಳ ನಿಮಿಷಗಳು ಬೇರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅಲ್ಲಿ ಕೇಳುವ ಪ್ರಶ್ನೆ, ‘ಪೊಲಿಸಾಂವಿರುದ್ಧ ಕಾಹೀ ತಕ್ರಾರ್ ಆಹೇ ಕಾ?’ ಪೊಲೀಸರ ಮೇಲೆ ದೂರೇನಾದರೂ ಇದೆಯೇ ಎಂದು ಅದರ ಅರ್ಥ. ಮರಾಠಿ ತಿಳಿಯದವನು ಗಾಬರಿಯಲ್ಲಿ ತಲೆಯಾಡಿಸಿದರೆ ‘ದೂರಿಲ್ಲ’ ಎಂದು ದಾಖಲಾಗಿಬಿಡುತ್ತದೆ. ಆಮೇಲೆ ಹೊಡೆತದ ಗುರುತು ತೋರಿಸಿದರೂ ನಂಬಿಸುವುದು ಬಲು ಕಷ್ಟ. ಹೊಡೆದಿದ್ದರೆ ‘ಹೋ, ತಕ್ರಾರ್ ಆಹೇ’ ಎನ್ನಬೇಕು, ಗಾಯವನ್ನು ಅಲ್ಲಿಯೇ ತೋರಿಸಬೇಕು, ದುಭಾಷಿ ಬೇಕೆಂದು ಕೇಳಬೇಕು. ಕನ್ನಡ ಮತ್ತು ಮರಾಠಿ ಎರಡೂ ಬಲ್ಲ ಪರಿಚಯಸ್ಥರೊಬ್ಬರು ಅಂದು ಕೋರ್ಟಿನಲ್ಲಿದ್ದು, ವಕೀಲರ ಮೂಲಕ ಅನುಮತಿ ಪಡೆದು ನೆರವಾದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಂಧನದ ನಂತರದ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನು ಬಂಧಿತನಿಗೆ ಕೊಡಬೇಕು. ಅದನ್ನು ಕೇಳಿ ಪಡೆಯಿರಿ.

ವಕೀಲರಿಗೆ ಹಣವಿಲ್ಲವೆಂಬ ಚಿಂತೆಯಲ್ಲಿ ಈ ಮೊದಲ ಹಾಜರಿಯನ್ನು ಕಳೆದುಕೊಳ್ಳಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಸಹಾಯವಾಣಿ 15100.

ಇನ್ನು ಜಾಮೀನು. ಜಾಮೀನು ಮಂಜೂರಾದ ಮೇಲೂ ನಮ್ಮವರು ಒಳಗೇ ಉಳಿಯುವುದು ಸ್ಥಳೀಯ ಜಾಮೀನುದಾರ ಸಿಗದ ಕಾರಣಕ್ಕೆ. ಮುಂಬೈಯಲ್ಲಿ ಸ್ವಂತ ಮನೆಯಿರುವ ಯಾರು ಗಾರೆ ಕೆಲಸದವನ ಪರವಾಗಿ ನಿಲ್ಲುತ್ತಾರೆ? 1978ರ ಮೋತಿರಾಮ್ ಪ್ರಕರಣದಲ್ಲಿ ಇದೇ ಆಗಿತ್ತು. ಗಾರೆ ಕೆಲಸದ ಮೋತಿರಾಮನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ವಿಧಿಸಿ, ಬೇರೆ ಜಿಲ್ಲೆಯವನೆಂದು ಅವನ ಸಹೋದರನ ಜಾಮೀನನ್ನು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ದೂರದೂರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗ, ಮಲಯಾಳಿ ಅಲ್ಲಿಯ ಆಸ್ತಿವಂತರನ್ನು ಎಲ್ಲಿಂದ ತರಬೇಕೆಂದು ತೀರ್ಪಿನಲ್ಲಿಯೇ ಕೇಳಿದರು. ಸ್ಥಳೀಯ ಜಾಮೀನುದಾರನ ಷರತ್ತು ಬೇಡವೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸೂಚಿಸಿತು. ಈ ಎರಡನ್ನೂ ವಕೀಲರು ಅರ್ಜಿಯಲ್ಲಿಯೇ ಉಲ್ಲೇಖಿಸಲಿ. ಊರಿನ ಬಂಧು ಆಧಾರ್, ರೇಷನ್ ಕಾರ್ಡ್, ಪಹಣಿ ತಂದರೆ, ಕನ್ನಡದ ಪಹಣಿಗೆ ಇಂಗ್ಲಿಷ್ ಅಥವಾ ಮರಾಠಿ ಅನುವಾದವನ್ನು ಲಗತ್ತಿಸಿ. ಅವರು ಬರುವವರೆಗೆ ತಾತ್ಕಾಲಿಕವಾಗಿ ನಗದು ಜಾಮೀನಿನ ಮೇಲೆ ಬಿಡುವಂತೆ ಕೇಳಿ; ಮುಂಬೈಯ ನ್ಯಾಯಾಲಯಗಳಲ್ಲಿ ಆ ರೂಢಿಯಿದೆ. ಆದೇಶವಾಗಿ ಒಂದು ತಿಂಗಳಾದರೂ ಜಾಮೀನು ಒದಗಿಸಲಾಗದಿದ್ದರೆ ಷರತ್ತು ಸಡಿಲಿಸಲು ಅರ್ಜಿ ಹಾಕಬಹುದು.

ಆರ್ಥರ್ ರೋಡ್, ಭಾಯಖಳಾ ಅಥವಾ ತಳೋಜಾ ಜೈಲಿಗೆ ಕಳಿಸಿದರೆ, ಕಾಯಿಲೆಯ ಕಾಗದಗಳನ್ನು ಮೊದಲ ವಾರದಲ್ಲೇ ನ್ಯಾಯಾಲಯಕ್ಕೆ ಸಲ್ಲಿಸಿ ಔಷಧಕ್ಕೆ ಆದೇಶ ಪಡೆಯಿರಿ. ಆದಿವಾಸಿಗಳ ಹಕ್ಕುಗಳಿಗಾಗಿ ದುಡಿದ ಪಾದ್ರಿ, ಪಾರ್ಕಿನ್ಸನ್ ಕಾಯಿಲೆಯ ಫಾದರ್ ಸ್ಟಾನ್ ಸ್ವಾಮಿ, 83ರ ಇಳಿವಯಸ್ಸಿನಲ್ಲಿ, ತಳೋಜಾದಲ್ಲಿ ನೀರು ಕುಡಿಯುವ ಸಿಪ್ಪರಿಗಾಗಿ ಅರ್ಜಿ ಹಾಕಬೇಕಾಯಿತು. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, ಬಂಧನದಲ್ಲಿಯೇ ತೀರಿಕೊಂಡರು. ಆ ಅನ್ಯಾಯ ಇಂದಿಗೂ ಸಹಿಸಲಾಗದ್ದು.

ಮೊದಲ ರಿಮಾಂಡಿನ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ದಿನವನ್ನೂ ಸೇರಿಸಿ 60 ದಿನದೊಳಗೆ, ಹತ್ತು ವರ್ಷ ಅಥವಾ ಅದಕ್ಕೂ ಮೀರಿದ ಶಿಕ್ಷೆಯ ಅಪರಾಧಗಳಲ್ಲಿ 90 ದಿನದೊಳಗೆ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಭಯೋತ್ಪಾದನೆ ತಡೆಯ ಕಾಯ್ದೆಯಾದ ಯುಎಪಿಎ, ಮಕೋಕಾಗಳಲ್ಲಿ ನ್ಯಾಯಾಲಯ ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಕೇಳಿದರೆ ಈ ಹಕ್ಕು ಉಳಿಯುವುದಿಲ್ಲ. ಆದ್ದರಿಂದ ಗಡುವು ಮುಗಿದ ಮರುದಿನ ಬೆಳಿಗ್ಗೆ ಕೋರ್ಟು ತೆರೆಯುವ ಹೊತ್ತಿಗೆ ಅರ್ಜಿ ಸಿದ್ಧವಾಗಿರಬೇಕು.